ಲುಕ್ ಅಪ್, ಲುಕ್ ಡೌನ್: ಕಣ್ಣಿನ ದವಾಖಾನೆಯಲ್ಲಿ ನಾನು ಕಲಿತ ಇಂಗ್ಲಿಷು

ನನ್ನ ಮೊಮ್ಮಗಳು ಪ್ರಜ್ಞಾಳಿಗೆ ಕಣ್ಣಿನ ದವಾಖಾನೆಯಲ್ಲಿ ನೌಕರಿ ಸಿಕ್ಕಿದೆ. ಈ ಒಂದು ಸಾಲು ಬರೆದು, ಓದಿ, ಮತ್ತೆ ಓದಿ, ಒಬ್ಬಳೇ ಕುಳಿತು ನಕ್ಕೆ. ಅಂಥದೇ ದವಾಖಾನೆಯಲ್ಲಿ ನಾನು ಆಯಾ ಆಗಿ ನೆಲ ಒರೆಸಿ, ರೋಗಿಗಳ ಕೈ ಹಿಡಿದು ಕೂತು, ನಿವೃತ್ತಳಾದವಳು. ಅವಳು ಕೋರ್ಸು ಮುಗಿಸಿ, ಬಿಳಿ ಕೋಟು ತೊಟ್ಟು, ಕಣ್ಣು ಪರೀಕ್ಷೆ ಮಾಡುವ ಸಹಾಯಕಿಯಾಗಿ ಹೋಗುತ್ತಿದ್ದಾಳೆ. ಮೊದಲ ಕ್ಯಾಂಪು ಔರಾದ್‌ನಲ್ಲಂತೆ. ಮೈಲೂರಿನ ನಮ್ಮ ಓಣಿಗೆಲ್ಲ ಪೇಡೆ ಹಂಚಿದೆ, ಸಕ್ಕರೆ ಕಾಯಿಲೆಯವರನ್ನೂ ಬಿಡಲಿಲ್ಲ. ಬುದ್ಧನ ಫೋಟೊ ಮುಂದೆ ಮೇಣದಬತ್ತಿ ಹಚ್ಚಿದೆ, ಅದು ಸಾಲದೆನಿಸಿ ಪಕ್ಕಕ್ಕೆ ಇನ್ನೊಂದು ಹಚ್ಚಿದೆ. ನನ್ನ ಮಗ, "ಅವ್ವಾ, ಖುಷಿಯೊಳಗ ಮನಿ ಸುಟ್ಟೀದಿ ಮತ್ತ" ಎಂದ.

ಪೇಡೆಯೆಲ್ಲ ಖಾಲಿಯಾದ ಮೇಲೆ ಪ್ರಜ್ಞಾ ನನ್ನ ಹತ್ತಿರ ಬಂದು ಕುಳಿತಳು.

"ಅಜ್ಜಿ, ಕಾಲೇಜಿನಾಗ ಕಣ್ಣಿಂದೆಲ್ಲಾ ಕಲ್ಸ್ಯಾರ. ಕಣ್ಣಿನ ಹಿಂದಿರೋ ಮನಿಶಾನ ಜೋಡಿ ಹ್ಯಾಂಗ ಮಾತಾಡಬೇಕಂತ ಕಲ್ಸಿಲ್ಲ. ಡಾಕ್ಟರ್ ಇಂಗ್ಲಿಷ್‌ನಾಗ ಹೇಳ್ತಾರ, ಪೇಷಂಟ್ ಮರಾಠಿಯೊಳಗ ಕೇಳ್ತಾರ. ನಾ ನಡುವ ನಿಂತು ಏನ್ ಮಾಡ್ಲಿ?"

"ನಾ ಜನ್ಮಪೂರ್ತಿ ಮಾಡಿದ್ದೇ ಅದು. ನಡುವ ನಿಂದ್ರೋದು."

"ಹಂಗಾರ ಬರದು ಕೊಡು. ನನ್ನ ಜೋಡಿ ಸೇರಿದ ಹುಡುಗ್ಯಾರೂ ಓದ್ತಾರ."

ನಾನು ಓದಿದ್ದು ಸಂತಪುರದ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಅಕ್ಷರ ಗುಂಡಗಿದ್ದರೂ ಕೈ ನಿಧಾನ. ತಪ್ಪು ತಿದ್ದುವ ಕೆಲಸ ಪ್ರಜ್ಞಾಳದು. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿಟ್ಟಿದ್ದೇನೆ.

ಬರೆಯಲು ಕೂತಾಗ ಅವಳು ಇನ್ನೊಂದು ಕೇಳಿದಳು: "ಅಷ್ಟು ವರ್ಷದಾಗ ನಿನಗ ಖರೇನೇ ಅಂಜಿಕಿ ಆಗಿದ್ದು ಯಾವಾಗ?" ಅದಕ್ಕೆ ನಾನು ಯೋಚಿಸಬೇಕಾಗಲಿಲ್ಲ. ಭಾಲ್ಕಿಯ ಶಿವಶರಣಪ್ಪ ಮುತ್ಯಾನ (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ) ಕಣ್ಣಿನ ಆಪರೇಷನ್ ದಿನ. ಅವರಿಗೆ ಇದ್ದದ್ದು ಒಂದೇ ಕಣ್ಣು. ಅದು ಉಳಿದರೆ ಮುತ್ಯಾನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೋದರೆ ಅವರಿಗೂ ಕತ್ತಲೆ, ನಡೆಯಲಾರದ ಹೆಂಡತಿಗೂ ಕತ್ತಲೆ. ಆ ಕಣ್ಣು ಉಳಿಯುವುದು ಡಾಕ್ಟರರ ಕೈಯಲ್ಲಿ ಎಷ್ಟಿತ್ತೋ, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮುತ್ಯಾ ಆ ಕ್ಷಣಕ್ಕೇ ಮಾಡುವುದರಲ್ಲೂ ಅಷ್ಟೇ ಇತ್ತು. ಆ ಕಥೆಗೆ ಬರುತ್ತೇನೆ. ಆದರೆ ಅದು ಅರ್ಥವಾಗಬೇಕಾದರೆ ನಾನು ಇಂಗ್ಲಿಷ್ ಕಲಿತ ಬಗೆ ಮೊದಲು ಗೊತ್ತಾಗಬೇಕು. ಇಂಗ್ಲಿಷ್ ಎಂದರೆ ದೊಡ್ಡ ಮಾತು. ನಾನು ಕಲಿತದ್ದು ಒಂದೇ ಶಬ್ದ, 'ಲುಕ್'. ಅದರ ಬಾಲಗಳನ್ನು ಕಲಿಯುವುದರಲ್ಲಿ ತಲೆ ಬೆಳ್ಳಗಾಯಿತು.

ನಮ್ಮ ದವಾಖಾನೆ ಬೀದರ್ ಪಟ್ಟಣದಲ್ಲಿತ್ತು. ಹೆಸರು ಬೇಡ. ಅಲ್ಲಿ ಜಾನ್ ಡಾಕ್ಟರು ಇದ್ದರು, ಕೇರಳದವರು. ಮನೆಯಲ್ಲಿ ಅವರಿಗೆ ಮಲಯಾಳ, ದವಾಖಾನೆಯಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು 'ಚಹಾ', 'ಸಾಕು', 'ಹೆದರಬೇಡ'. ಇಷ್ಟರಲ್ಲಿ ದಿನ ನಡೆಯುತ್ತದೆಯೇ? ಬರುವ ರೋಗಿಗಳೋ ಭಾಲ್ಕಿಯಿಂದ ಕನ್ನಡ ಮಾತಾಡುವವರು, ಔರಾದ್‌ನಿಂದ ಮರಾಠಿ ಮಾತಾಡುವವರು, ಪಟ್ಟಣದೊಳಗಿಂದ ಉರ್ದು ಮಾತಾಡುವವರು. ಎಲ್ಲರಿಗೂ ಮೇಲೆ ಸುಲೋಚನಾ ಸಿಸ್ಟರ್. ನಮ್ಮನ್ನೆಲ್ಲ ಆಳುತ್ತಿದ್ದವರು ಅವರು. ಬಾಯಿ ಮೆಣಸಿನಕಾಯಿ, ಕೈ ಬೆಣ್ಣೆ.

ಮೊದಲು ಕಲಿತದ್ದು ಲುಕ್ ಅಪ್. ಕಣ್ಣಿಗೆ ಹನಿ ಹಾಕುವ ಮುಂಚೆ ಡಾಕ್ಟರು ಅದನ್ನು ಹೇಳುತ್ತಿದ್ದರು. ನಾನು ಕೆಲವರಿಗೆ "ಮ್ಯಾಲ ನೋಡ್ರಿ" ಎನ್ನುತ್ತಿದ್ದೆ, ಕೆಲವರಿಗೆ "ವರ್ ಬಘಾ", ಕೆಲವರಿಗೆ "ಉಪ್ಪರ್ ದೇಖೋ". ಭಾಷೆ ಯಾವುದಾದರೇನು, ಎಲ್ಲರೂ ಮಾಡುತ್ತಿದ್ದದ್ದು ಒಂದೇ. ಗದ್ದ ಎತ್ತಿ ಇಡೀ ತಲೆಯನ್ನೇ ಹಿಂದಕ್ಕೆ ಒಯ್ಯುತ್ತಿದ್ದರು. ಕಣ್ಣು ಮಾತ್ರ ಇದ್ದಲ್ಲೇ. ಹನಿ ಹೋಗಿ ಮೂಗಿನ ಮೇಲೆ ಬೀಳುತ್ತಿತ್ತು.

ಸಿಸ್ಟರ್ ನೋಡಿ ನೋಡಿ, "ಶಾಂತಾ, ನೀ ಹೇಳ್ಲಿಕತ್ತಿದ್ದು ಅವ್ರ ಕಣ್ಣಿಗೋ, ಕುತ್ತಿಗಿಗೋ?" ಎಂದರು.

"ಮ್ಯಾಲ ಅಂದ ಕೂಡ್ಲೇ ಅವ್ರಿಗಿ ಮುಗಿಲು ನೆನಪಾಗ್ತದ್ರಿ ಸಿಸ್ಟರ್."

"ಮುಗಿಲು ಯಾಕ ತೋರಿಸ್ತಿ? ಮನಿ ಮಾಳಗಿ ತೋರ್ಸು."

ಅಂದಿನಿಂದ ನಾನು, "ತಲಿ ಗ್ವಾಡಿಗಿ ಹಚ್ಚಿ ಇಡ್ರಿ, ನಿಮ್ಮ ಮಾಳಗಿ ಜಂತಿ ಎಷ್ಟವ ಎಣಸ್ರಿ" ಎನ್ನತೊಡಗಿದೆ. ಜಂತಿ ಎಣಿಸುವಾಗ ಕಣ್ಣು ತಾನೇ ಮೇಲೆ ಹೋಗುತ್ತದೆ. ಲುಕ್ ಡೌನ್ ಬಂದರೆ ಹೆಂಗಸರಿಗೆ, "ಕಾಲುಂಗುರ ಅವೇನು ನೋಡ್ಕೋರಿ" ಎನ್ನುತ್ತಿದ್ದೆ. ಒಬ್ಬ ಮುದುಕಿ, "ಅವ ಅವ. ಯಾಕ, ನಿಮ್ಮ ದವಾಖಾನ್ಯಾಗ ಕಳ್ಳರದಾರೇನು?" ಎಂದು ಎರಡೂ ಕಾಲು ಮಡಚಿ ಸೀರೆಯೊಳಗೆ ಎಳೆದುಕೊಂಡಿದ್ದಳು.

ಇದನ್ನು ಹೊಸ ಹುಡುಗಿಯರಿಗೆ ಒತ್ತಿ ಹೇಳುತ್ತೇನೆ. ಡಾಕ್ಟರರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿದರೆ ಅರ್ಧ ಕೆಲಸ ಆಯಿತು. ಆ ಮಾತನ್ನು ಎದುರಿಗಿನ ಮನುಷ್ಯನ ಮನೆಯೊಳಗೆ ಒಯ್ದು ಇಟ್ಟರೆ ಪೂರಾ ಆಯಿತು.

ಕೆಲಸ ಕಡಿಮೆ ಇದ್ದ ಹೊತ್ತಿನಲ್ಲಿ ಚಹಾ ಕುಡಿಯುತ್ತಾ ಸಿಸ್ಟರ್ ನನಗೆ ಪಾಠ ಹೇಳುತ್ತಿದ್ದರು. ಲುಕ್ ಒಂದನ್ನೇ ಕಂಠಪಾಠ ಮಾಡಿದರೆ ಉಪಯೋಗವಿಲ್ಲ, ಬಾಲ ಸಮೇತ ಹಿಡಿ ಎನ್ನುತ್ತಿದ್ದರು. ಅಪ್ ಎಂದರೆ ಎದ್ದು ನಿಂತು ತೋರಿಸಬೇಕು, ಡೌನ್ ಎಂದರೆ ಕೂಡಬೇಕು, ಅವೇ ಎಂದರೆ ಮುಖ ಆಚೆ ತಿರುಗಿಸಬೇಕು. ಪಡಸಾಲೆಯಲ್ಲಿ ಕುಳಿತ ರೋಗಿಗಳು ನಮ್ಮನ್ನು ನೋಡಿ, ಇವರಿಗೇ ಏನೋ ಆಗಿದೆ ಎಂದುಕೊಂಡಿರಬೇಕು. ನನಗೆ ಅದು ಅಪ್ಪನ ಎತ್ತಿನ ಲೆಕ್ಕದಲ್ಲಿ ತಿಳಿಯಿತು. ಎತ್ತು ಅದೇ. ನೇಗಿಲಿಗೆ ಹೂಡಿದರೆ ಉಳುತ್ತದೆ, ಕೂರಿಗೆಗೆ ಹೂಡಿದರೆ ಬಿತ್ತುತ್ತದೆ, ಬಂಡಿಗೆ ಹೂಡಿದರೆ ಸಂತೆಗೆ ಹೋಗುತ್ತದೆ. ಹಿಂದೆ ಏನು ಕಟ್ಟಿದ್ದೀರಿ ನೋಡದೆ ಎತ್ತಿಗೆ ಕೆಲಸ ಹೇಳಿದರೆ ತಪ್ಪು ಎತ್ತಿನದಲ್ಲ.

ಮೊನ್ನೆ ಇದನ್ನು ಪ್ರಜ್ಞಾಳಿಗೆ ಹೇಳಿದೆ. "ಅಜ್ಜಿ, ಇದಕ್ಕ ಫ್ರೇಜಲ್ ವರ್ಬ್ ಅಂತಾರ. ನಮಗ ಪರೀಕ್ಷಾದಾಗ ಬಂದಿತ್ತು" ಎಂದಳು.

"ಎಷ್ಟು ಬರದಿದ್ದಿ?"

"ಅರ್ಧ ತಪ್ಪಾತು."

"ನನ್ನವೂ ಅರ್ಧ ತಪ್ಪೇ ಆಗ್ಯಾವ. ನಿನಗ ಮಾರ್ಕ್ಸ್ ಹೋತು, ನನಗ ಸಿಸ್ಟರ್ ಕಡಿಂದ ಮಂಗಳಾರತಿ ಆತು."

ಆ ಮಂಗಳಾರತಿ ಲುಕ್ ಆಫ್ಟರ್‌ನದು. ಆಪರೇಷನ್ ಸಾಮಾನು ಕುದಿಸುವ ಪಾತ್ರೆ ಒಲೆಯ ಮೇಲಿತ್ತು. ಡಾಕ್ಟರು ಅದನ್ನು ತೋರಿಸಿ, "ಶಾಂತಾ, ಲುಕ್ ಆಫ್ಟರ್ ದಿಸ್" ಎಂದು ಹೊರಗೆ ಹೋದರು. ಆಫ್ಟರ್ ನನಗೆ ಗೊತ್ತಿತ್ತು. ಗುಳಿಗೆ ಕೊಡುವಾಗ 'ಆಫ್ಟರ್ ಫುಡ್' ಎಂದರೆ ಊಟ ಆದ ಮೇಲೆ. ಹಾಗಾದರೆ ಇದನ್ನು ಆಮೇಲೆ ನೋಡಿದರಾಯಿತು ಎಂದು ವಾರ್ಡ್ ಗುಡಿಸಲು ಹೋದೆ. ನೀರು ಬತ್ತಿ, ಸುಟ್ಟ ವಾಸನೆ ಗೇಟಿನ ತನಕ ಹೋಯಿತು. ಸಿಸ್ಟರ್ ಓಡಿಬಂದರು.

"ಅನ್ನಾ ಹತ್ತಿಸಿದಂಗ ಕತ್ತರಿ ಹತ್ತಿಸೀದಲ್ಲ! ಕುಕ್ಕರ್ ಸೀಟಿ ಹೊಡೀತದಂತ ಕಾಯ್ಕೋಂತ ಕುಂತಿದ್ದೇನು?"

ನಾನು ನನ್ನ ಲೆಕ್ಕ ಹೇಳಿದೆ. ಸಿಸ್ಟರಿಗೆ ಸಿಟ್ಟಿನಲ್ಲೇ ನಗು ಬಂತು. ಅವರು ಅದನ್ನು ಡಾಕ್ಟರಿಗೆ ಹೇಳಿದಾಗ ಡಾಕ್ಟರು ನಗಲಿಲ್ಲ. ನೀನು ತಿಳಿದದ್ದರಲ್ಲಿ ನ್ಯಾಯ ಇದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಯಾವುದನ್ನಾದರೂ ಕಾಯಲು ಹೇಳಬೇಕಾದರೆ ಅದರ ಮೇಲೆ ಒಂದು ಕೈ ಇಟ್ಟು, ಮಗುವಿನ ತಲೆ ಸವರಿದಂತೆ ಸವರಿ, 'ಲುಕ್ ಆಫ್ಟರ್' ಎನ್ನುತ್ತಿದ್ದರು. ಮೇಲಿನವರಲ್ಲಿ ಎಲ್ಲರೂ ಹೀಗಿರುವುದಿಲ್ಲ ಪ್ರಜ್ಞಾ. ಹೀಗಿದ್ದವರು ಸಿಕ್ಕರೆ ಅವರಿಂದ ಎಷ್ಟು ಸಾಧ್ಯವೋ ಅಷ್ಟು ಕಲಿತುಬಿಡು.

ಬಾಲದ ತೊಂದರೆ ಹೀಗಾದರೆ, ರೂಢಿಯ ತೊಂದರೆ ಇನ್ನೊಂದು. ಲುಕ್ ಅಟ್ ಮೀ ಎಂಬುದರಲ್ಲಿ ಏನು ಕಷ್ಟ? ನನ್ನನ್ನು ನೋಡು, ಅಷ್ಟೇ. ನಮ್ಮ ಸಂತಪುರದಿಂದಲೇ ಒಬ್ಬ ಹೆಂಗಸು ಬಂದಿದ್ದಳು. ಯಂತ್ರದ ಮುಂದೆ ಕೂರಿಸಿ ಡಾಕ್ಟರು ಲುಕ್ ಅಟ್ ಮೀ ಎಂದಾಗಲೆಲ್ಲ ಆಕೆ ಸೆರಗು ಮುಂದೆ ಎಳೆದುಕೊಂಡು ನೆಲ ನೋಡುವಳು.

"ಅಕ್ಕಾ, ಡಾಕ್ಟರ್‌ನ ನೋಡ್ರಿ" ಎಂದೆ.

"ಪರಗಂಡಸಿನ ಕಣ್ಣಾಗ ಕಣ್ಣಿಟ್ಟು ನೋಡಂತಿ? ನಮ್ಮ ಮಾವ ಹೊರಗೇ ಕುಂತಾರ!"

ನಾನು ಕೈಸನ್ನೆ ಮಾಡಿ ಡಾಕ್ಟರಿಗೆ ತಿಳಿಸಿದೆ. ಅವರು ತಮ್ಮ ಕಿವಿ ಹಿಡಿದು ತೋರಿಸಿ, "ಲುಕ್ ಅಟ್ ಮೈ ಇಯರ್" ಎಂದರು. "ಮಾರಿ ಬ್ಯಾಡ, ಕಿವಿ ನೋಡ್ರಿ ಅಕ್ಕಾ. ಕಿವಿಗಿ ಗಂಡಸು ಹೆಂಗಸು ಇಲ್ಲ" ಎಂದೆ. ಆಕೆ ನೋಡಿದಳು. ಪರೀಕ್ಷೆ ಮುಗಿಯುವ ತನಕ ಬಿಡದೆ ನೋಡಿದಳು. ಎದ್ದು ಹೋಗುವಾಗ ನನ್ನ ಕಿವಿಯಲ್ಲಿ, "ಎಷ್ಟ್ ಕೂದಲರೀ ಯವ್ವಾ, ಹೇಣತಿ ಹೇಳಂಗಿಲ್ಲೇನು?" ಎಂದಳು. ಏನು ಹೇಳಿದಳೆಂದು ಡಾಕ್ಟರು ಪಟ್ಟು ಹಿಡಿದು ಕೇಳಿದರು. ಬೆರಳನ್ನು ಕತ್ತರಿ ಮಾಡಿ ತೋರಿಸಿದೆ. ಮರುದಿನ ಹಜಾಮತಿ ಮಾಡಿಸಿಕೊಂಡೇ ಬಂದರು.

ಇಷ್ಟು ಹೇಳಿದ ಮೇಲೆ ಪದ್ಧತಿ ಬದಲಾದದ್ದನ್ನು ಹೇಳಬೇಕು. ನಾನು ಸೇರಿದ ಹೊಸತರಲ್ಲಿ ಪೊರೆಯ ಆಪರೇಷನ್ ಎಂದರೆ, ನಮ್ಮ ಕಡೆ ಮೋತಿಬಿಂದು ಎನ್ನುತ್ತಾರೆ, ಕಣ್ಣಿನ ಸುತ್ತ ಇಂಜೆಕ್ಷನ್ ಕೊಟ್ಟು ಕಣ್ಣನ್ನು ಕಲ್ಲು ಮಾಡಿಬಿಡುತ್ತಿದ್ದರು. ರೋಗಿ ನೋಡು ಎಂದರೂ ಅಷ್ಟೇ, ಬೇಡ ಎಂದರೂ ಅಷ್ಟೇ, ಕಣ್ಣು ಅಲುಗುತ್ತಿರಲಿಲ್ಲ. ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಬಗ್ಗಬೇಡಿ, ಕೆಮ್ಮಬೇಡಿ ಎಂದು ಮಲಗಿಸುತ್ತಿದ್ದರು. ಪಟ್ಟಿ ಬಿಚ್ಚಿದ ದಿನ ಡಾಕ್ಟರರ ಕಾಲು ಮುಟ್ಟಿ ನಮಸ್ಕಾರ ಮಾಡಲು ಎಲ್ಲರೂ ಬಗ್ಗುವವರೇ. ಅವರ ಹೆಗಲು ಹಿಡಿದು ನಿಲ್ಲಿಸುವುದೇ ನನ್ನ ಕೆಲಸ. "ನಮಸ್ಕಾರ ಬಾಯ್ಲೇ ಹೇಳ್ರಿ, ಡೊಗ್ಗಬ್ಯಾಡ್ರಿ" ಎಂದು ಕೂಗಿ ಕೂಗಿ ಗಂಟಲು ಹೋಗುತ್ತಿತ್ತು.

ಆಮೇಲೆ ಹನಿ ಹಾಕಿ ಮಾಡುವ ಪದ್ಧತಿ ಬಂತು. ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ, ಪಟ್ಟಿ ಇಲ್ಲ. ನೋವಾಗುವುದಿಲ್ಲ, ಆದರೆ ಕಣ್ಣು ತಿರುಗುತ್ತದೆ. ಮೇಲಿಂದ ದೊಡ್ಡ ದುರ್ಬೀನಿನ ದೀಪ ಬೀಳುತ್ತದೆ, ರೋಗಿ ಆ ಬೆಳಕನ್ನೇ ನೋಡುತ್ತಾ ಮಲಗಬೇಕು. ಇದು ಬಂದ ಮೇಲೆ ನನ್ನ ಲುಕ್‌ಗೆ ಬೆಲೆ ಬಂತು. ಮುಂಚೆ ನಾನು ಹೇಳಿದ್ದು ಕೇಳದಿದ್ದರೆ ಹನಿ ಮೂಗಿನ ಮೇಲೆ ಬೀಳುತ್ತಿತ್ತು. ಈಗ ಕೇಳದಿದ್ದರೆ ಕಣ್ಣೇ ಹೋದೀತು.

ಆ ಕಾಲದಲ್ಲೇ ಶಿವಶರಣಪ್ಪ ಮುತ್ಯಾ ಬಂದದ್ದು. ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ನಡೆಸಿ ಬಿಟ್ಟವರು. ಬಲಗಣ್ಣು ಎಷ್ಟೋ ವರ್ಷದ ಹಿಂದೆ ತೊಗರಿಕಟ್ಟಿಗೆ ಚುಚ್ಚಿ ಹೋಗಿತ್ತು. ಎಡಗಣ್ಣಿಗೆ ಪೊರೆ ಬಲಿತು ಮಂಜು ಕವಿದಂತಾಗಿತ್ತು. ಜೊತೆಗೆ ಗಾಲಿ ಕುರ್ಚಿಯಲ್ಲಿ ಹೆಂಡತಿ ನೀಲಮ್ಮ. ಆಕೆಗೆ ಸೊಂಟದ ಕೆಳಗೆ ಬಲವಿಲ್ಲ. ಆಕೆಯನ್ನು ಎತ್ತಿ ಕೂರಿಸುವವರು, ಅಡುಗೆ ಮಾಡಿ ಉಣಿಸುವವರು ಮುತ್ಯಾನೇ. ಬಗದಲ್‌ಗೆ ಕೊಟ್ಟ ಮಗಳು ಇಬ್ಬರನ್ನೂ ಕರೆತಂದಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದನ್ನು ಸಿಸ್ಟರ್ ಮುತ್ಯಾಗೆ ತಿಳಿಸಿದರು. ಮುತ್ಯಾ ಗುಂಡಿಗೆಗೆ ರಕ್ತ ತೆಳುವಾಗಿಡುವ ಗುಳಿಗೆ ನುಂಗುತ್ತಿದ್ದರು, ಅದನ್ನು ನಿಲ್ಲಿಸುವಂತಿಲ್ಲ. ಇಂಜೆಕ್ಷನ್ ಚುಚ್ಚಿ ಒಳಗೆ ರಕ್ತ ಹರಿದರೆ ಇರುವ ಒಂದು ಕಣ್ಣೂ ಹೋದೀತು. ಹನಿ ಹಾಕಿಯೇ ಮಾಡಬೇಕು. ಕಣ್ಣನ್ನು ಮುತ್ಯಾನೇ ನಿಲ್ಲಿಸಿಕೊಳ್ಳಬೇಕು.

ನಿಲ್ಲುತ್ತದೋ ಇಲ್ಲವೋ ನೋಡಲು ಮಂಚದ ಮೇಲೆ ಮಲಗಿಸಿ, ಡಾಕ್ಟರು ಮೇಲಿಂದ ಬ್ಯಾಟರಿ ಬಿಟ್ಟರು. "ಲುಕ್ ಅಟ್ ದ ಲೈಟ್."

"ಬೆಳಕಿನ ಕಡಿ ನೋಡ್ರಿ ಮುತ್ಯಾ" ಎಂದೆ.

ಮುತ್ಯಾ ನೋಡಿದರು. ನೋಡಿದವರೇ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಮುಗಿದರು.

ನಮ್ಮ ಮಂದಿಗೆ ಇದು ಹುಟ್ಟಿನಿಂದ ಬಂದದ್ದು. ಸಂಜೆ ದೀಪ ಹಚ್ಚಿದರೆ, ಕರೆಂಟು ಹೋಗಿ ಬಂದರೂ ಸೈ, ಕಣ್ಣು ಮುಚ್ಚಿ ಕೈ ಮುಗಿಯುತ್ತೇವೆ. ಬೇರೆ ರೋಗಿಗಳೂ ಹೀಗೆ ಮಾಡುತ್ತಿದ್ದರು, ಒಂದೆರಡು ಸಲ ಹೇಳಿದರೆ ಬಿಡುತ್ತಿದ್ದರು. ಮುತ್ಯಾ ಬಿಡಲಿಲ್ಲ. ಕೈ ಹಿಡಿದುಕೊಂಡರೆ ಕಣ್ಣಿನ ಗುಡ್ಡೆ ರೆಪ್ಪೆಯೊಳಗೆ ಮೇಲೇರುತ್ತಿತ್ತು. "ಡೋಂಟ್ ಲುಕ್ ಅವೇ" ಎಂದು ಡಾಕ್ಟರು, "ಆಕಡಿ ಈಕಡಿ ನೋಡಬ್ಯಾಡ್ರಿ" ಎಂದು ನಾನು. ಎಷ್ಟು ಸಲ ಮಾಡಿದರೂ ಅದೇ. ಕೊನೆಗೆ ಡಾಕ್ಟರು ಬ್ಯಾಟರಿ ಆರಿಸಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನನ್ನ ಸೂಜಿ ಒಳಗಿದ್ದಾಗ ಹೀಗಾದರೆ ಮುಗಿಯಿತು, ಹೈದರಾಬಾದಿಗೆ ಕಳಿಸಿದರೂ ಕಣ್ಣು ನಿಲ್ಲಿಸಬೇಕಾದವರು ಇವರೇ, ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡುತ್ತೇನೆ, ನಿಂತರೆ ಮಾಡುತ್ತೇನೆ, ಇಲ್ಲದಿದ್ದರೆ ಆ ಕಣ್ಣನ್ನು ಮುಟ್ಟುವುದಿಲ್ಲ ಎಂದರೆಂದು ಸಿಸ್ಟರ್ ತಿಳಿಸಿದರು.

ಮುತ್ಯಾನ ಕೈ ಹಿಡಿದು ಹೊರಗೆ ತಂದೆ.

"ನಾ ಬೇಕಂತ ಮಾಡ್ತೇನೇನವ್ವಾ? ಬೆಳಕು ಬಂತಂದ್ರ ಕೈ ತಾನೇ ಏಳ್ತದ. ಕಣ್ಣು ತಾನೇ ಮುಚ್ಚತದ" ಎಂದರು. ಧ್ವನಿ ಇಳಿದುಹೋಗಿತ್ತು.

ನೀಲಮ್ಮ ಕುರ್ಚಿಯಿಂದಲೇ, "ಏನಾತು?" ಎಂದಳು.

"ಮುತ್ಯಾನ ಕಣ್ಣು ಒಂದ್ಕಡಿ ನಿಂದ್ರವಲ್ದು ಆಯಿ" ಎಂದೆ.

"ಇವ್ರ ಕಣ್ಣು ನಿಂದ್ರಂಗಿಲ್ಲಾ? ಯಾರು ಹೇಳಿದ್ರು?" ನೀಲಮ್ಮನಿಗೆ ಸಿಟ್ಟೇ ಬಂತು. "ಮುಂಜಾನಿ ಅಂಗೈಯೊಳಗ ಲಿಂಗ ಹಿಡ್ಕೊಂಡು ಕುಂತ್ರಂದ್ರ ಮುಗೀತು, ಕಣ್ಣು ಪಿಳಕ್ ಅನ್ನಂಗಿಲ್ಲ. ಒಲಿ ಮ್ಯಾಲ ಹಾಲು ಉಕ್ಕಿ ಹೋದ್ರೂ ನೋಡಂಗಿಲ್ಲ. ನಾ ಕುರ್ಚಿ ಮ್ಯಾಲಿಂದ ಒದರಿ ಒದರಿ ಸಾಯ್ತೇನಿ, ನೋಡಂಗಿಲ್ಲ. ಹಾಲಿನ ಪಾತ್ರಿ ಎಲ್ಲಾ ಕರ್ರಗ ಸುಟ್ಟಾವ ನಮ್ಮ ಮನ್ಯಾಗ, ಬಂದು ನೋಡ್ರಿ ಬೇಕಾದ್ರ!"

"ಅದು ಪೂಜಾ ಅಲ್ಲೇನ ನೀಲಾ" ಎಂದರು ಮುತ್ಯಾ.

"ಪೂಜಾನೇ. ಹಾಲಿನ ಕಡಿ ಯಾರು ನೋಡಬೇಕು?"

ಬೈಗುಳವಾಗಿ ಬಂದ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಲಿಂಗ ಕಟ್ಟಿದ ಹಿರಿಯರು ವಾರ್ಡಿನಲ್ಲಿ ಬೆಳಿಗ್ಗೆ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂರುವುದನ್ನು ನಾನು ಎಷ್ಟು ಸಲ ಕಂಡಿಲ್ಲ! ಅವರಿಗೆ ತೊಂದರೆಯಾಗದಂತೆ ಬಕೆಟ್ಟು ಸಪ್ಪಳ ಮಾಡದೆ ದಾಟಿಹೋಗುತ್ತಿದ್ದೆ. ಆ ನೋಟಕ್ಕೂ ನನ್ನ ಕೆಲಸಕ್ಕೂ ಸಂಬಂಧ ಇದೆ ಎಂದು ನೀಲಮ್ಮ ಬೈಯುವ ತನಕ ಹೊಳೆದಿರಲಿಲ್ಲ. ಸಿಸ್ಟರಿಗೆ ಹೇಳಿದೆ. ಸಿಸ್ಟರ್ ಡಾಕ್ಟರಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಮುತ್ಯಾ ವಾರ್ಡಿನಲ್ಲಿ ಪೂಜೆಗೆ ಕುಳಿತಾಗ ಡಾಕ್ಟರು ಚಪ್ಪಲಿ ಹೊರಗೆ ಬಿಟ್ಟು ಬಂದು ಬದಿಯಲ್ಲಿ ನಿಂತರು. ಮುತ್ಯಾನ ಕಣ್ಣು ಅಂಗೈಯ ಮೇಲೆ ನೆಟ್ಟಿತ್ತು. ಮಂಜು ಕವಿದ ಕಣ್ಣಿಗೆ ಲಿಂಗ ಎಷ್ಟು ಕಾಣುತ್ತಿತ್ತೋ ಅವರಿಗೇ ಗೊತ್ತು. ಆದರೆ ಗುಡ್ಡೆ ಅಲುಗಲಿಲ್ಲ. ಹೊರಗೆ ಗಾಡಿ ಹಾರ್ನ್ ಹೊಡೆಯಿತು, ಪಕ್ಕದ ಮಂಚದವರು ಕೆಮ್ಮಿದರು, ಅಲುಗಲಿಲ್ಲ. ಡಾಕ್ಟರು ಹೊರಗೆ ಬಂದು ಸಿಸ್ಟರ ಜೊತೆ ಮಾತಾಡಿದರು. ನೋಟವೇನೋ ಇದೆ, ಆದರೆ ಅದು ಅಂಗೈಯಲ್ಲಿದೆ, ನನಗೆ ಬೇಕಾದದ್ದು ಮೇಲಿನ ದೀಪದಲ್ಲಿ. ಇಲ್ಲಿಂದ ಅಲ್ಲಿಗೆ ಯಾರು ಒಯ್ಯುತ್ತಾರೆ?

ಸಿಸ್ಟರ್ ಅದನ್ನು ನನಗೆ ಕನ್ನಡದಲ್ಲಿ ಹೇಳಿ, "ಏನ್ ಶಾಂತಾ, ಒಯ್ತೀಯೇನು?" ಎಂದರು. ಪ್ರಜ್ಞಾ, ನೀನು ಕೇಳಿದ ಅಂಜಿಕೆ ಬಂದದ್ದು ಆಗ. ಹನಿ ಮೂಗಿನ ಮೇಲೆ ಬಿದ್ದರೆ ಒರೆಸಬಹುದು.

"ಒಯ್ತೇನ್ರಿ" ಎಂದೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಮೊದಲ ತೊಡಕು. ಒಳಗೆ ಹೋಗುವವರ ಮೈಮೇಲೆ ಏನೂ ಇರಬಾರದು. ಮುತ್ಯಾನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ.

"ಕಣ್ಣು ಹೋದ್ರ ಹೋಗ್ಲಿ, ಇದು ಮೈ ಬಿಟ್ಟು ಹೋಗಂಗಿಲ್ಲ" ಎಂದರು ಮುತ್ಯಾ.

ಸಿಸ್ಟರ್ ಒಳಗೆ ಹೋಗಿ ಕೇಳಿಕೊಂಡು ಬಂದರು. ಕರಡಿಗೆ ಹೊರಗೆ ಮಗಳ ಕೈಗೆ, ಲಿಂಗವನ್ನು ಮಾತ್ರ ಒರೆಸಿ ಶುದ್ಧ ಬಟ್ಟೆಯಲ್ಲಿ ಸುತ್ತಿ ಎಡಗೈ ಮುಷ್ಟಿಗೆ ಕಟ್ಟುವುದು, ಕೈ ಹೊದಿಕೆಯ ಕೆಳಗಿರಬೇಕು. ಮುತ್ಯಾ ಒಪ್ಪಿದರು. ತಾವೇ ಒರೆಸಿದರು, ತಾವೇ ಸುತ್ತಿದರು. ಗಂಟು ಹಾಕಲು ಆಗಲಿಲ್ಲ.

"ನೀನೇ ಕಟ್ಟವ್ವಾ, ನನಗ ಕಾಣವಲ್ದು."

ನಾನು ಕೈ ಹಿಂದೆ ತೆಗೆದುಕೊಂಡೆ. "ನಾವು ಬುದ್ಧನ ಮಂದಿ ಮುತ್ಯಾ. ನಾ ಮುಟ್ಟಬೌದೇನು?"

"ಗಂಟು ಬಿಗಿ ಇದ್ರ ಸಾಕು. ಬಸವಣ್ಣ ಕೇಳ್ಯಾನೇನು ನಿನ್ನ ಮನಿತನ?"

ಪಕ್ಕದಿಂದ ಸಿಸ್ಟರ್, "ಕಟ್ಟು ಜಲ್ದಿ. ಈ ದವಾಖಾನ್ಯಾಗ ನಿನ್ನ ಕೈಯಷ್ಟು ಸಾಬೂನು ಕಂಡದ್ದು ಮತ್ಯಾವುದೂ ಇಲ್ಲ" ಎಂದರು. ಕಟ್ಟಿದೆ.

ಮುತ್ಯಾನನ್ನು ಮೇಜಿನ ಮೇಲೆ ಮಲಗಿಸಿದರು. ಮುಖದ ಮೇಲೆ ಹಸಿರು ಬಟ್ಟೆ, ಅದರ ಕಿಂಡಿಯಲ್ಲಿ ಎಡಗಣ್ಣು. ಹನಿ ಹಾಕಿದರು, ರೆಪ್ಪೆ ಅಗಲಿಸಿ ಹಿಡಿಯುವ ತಂತಿ ಇಟ್ಟರು. ನಾನು ಬದಿಯಲ್ಲಿ ಸ್ಟೂಲು ಹಾಕಿ ಕುಳಿತು ಅವರ ಬಲಗೈ ಹಿಡಿದುಕೊಂಡೆ. ದೀಪ ಹೊತ್ತಿತು.

"ಲುಕ್ ಅಟ್ ದ ಲೈಟ್."

ನಾನು ಬೆಳಕು ಎಂಬ ಮಾತನ್ನು ಎತ್ತಲೇ ಇಲ್ಲ. "ಮುತ್ಯಾ, ಮುಂಜಾನಿ ಆಗ್ಯದ. ಪೂಜಾಕ್ಕ ಕುಂತೀರಿ. ಅಂಗೈ ಮಾರಿ ಮುಂದ ಬಂದದ. ನೋಡ್ರಿ."

ನನ್ನ ಹಿಡಿತದಲ್ಲಿ ಅವರ ಬಲಗೈ ಎದ್ದಿತು. "ಕೈ ಮುಗೀಬೇಕಲ್ಲವ್ವಾ" ಎಂದು ಬಟ್ಟೆಯೊಳಗಿಂದ ಧ್ವನಿ.

"ಹ್ಯಾಂಗ ಮುಗೀತೀರಿ? ಒಂದ್ ಕೈಯಾಗ ಲಿಂಗ ಅದ, ಒಂದ್ ಕೈಯಾಗ ನಾ ಇದ್ದೇನಿ. ಎರಡೂ ತುಂಬ್ಯಾವ. ಬರೇ ನೋಡ್ರಿ."

ಕೈ ಇಳಿಯಿತು. ಡಾಕ್ಟರು ದುರ್ಬೀನಿಗೆ ಕಣ್ಣಿಟ್ಟು ನೋಡಿದರು. ಆಮೇಲೆ 'ಗುಡ್' ಎಂದು ಕೈ ಚಾಚಿ ಸೂಜಿ ಕೇಳಿದರು.

ಒಳಗೆ ಯಂತ್ರದ ಗುಂಯ್ ಸಪ್ಪಳ. "ಲುಕ್ ಡೌನ್ ಎ ಲಿಟಲ್" ಎಂದರೆ, "ಅಂಗೈ ಚೂರು ಎದಿ ಕಡಿ ಇಳಿಸಿರಂತ ತಿಳ್ಕೋರಿ" ಎನ್ನುತ್ತಿದ್ದೆ. ಇಳಿಯುತ್ತಿತ್ತು. "ಅಪ್" ಎಂದರೆ, "ಹಣಿ ಕಡಿ ಒಯ್ರಿ." ಏರುತ್ತಿತ್ತು. ಎಷ್ಟು ಬೇಕೋ ಅಷ್ಟೇ. ನಡುವೆ ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದೂ ಈ ಕೆಲಸದಲ್ಲಿ ಒಂದು ಭಾಗ, ಮರೆಯಬೇಡಿ.

ಅರ್ಧಕ್ಕಿಂತ ಹೆಚ್ಚು ಆಗಿತ್ತು. ಆಗ ಹೊರಗೆ ಪಡಸಾಲೆಯಿಂದ ನೀಲಮ್ಮನ ಧ್ವನಿ ಬಾಗಿಲು ದಾಟಿ ಬಂತು. "ಏ, ಕೇಳಸ್ತದೇನ್ರೀ? ಆತೇನ್ರೀ?"

ಮುತ್ಯಾನ ಬೆರಳು ನನ್ನ ಕೈಯಲ್ಲಿ ಬಿಗಿಯಾಯಿತು. ಕಣ್ಣು ಬಾಗಿಲ ಕಡೆ ಒಂದು ಎಳೆ ಸರಿಯಿತು.

"ಡೋಂಟ್ ಲುಕ್ ಅವೇ!" ಡಾಕ್ಟರು ಕೈ ನಿಲ್ಲಿಸಿದರು. ಅವರ ಧ್ವನಿ ಅಷ್ಟು ಗಟ್ಟಿಯಾದದ್ದು ನಾನು ಅದೇ ಮೊದಲು ಕೇಳಿದ್ದು.

ಅಷ್ಟು ವರ್ಷ ಕಲಿತದ್ದೆಲ್ಲ ಒಣಗಿಹೋಯಿತು. ಆಮೇಲೆ ಬಾಯಿಗೆ ಬಂದ ಮಾತು ನನ್ನದಲ್ಲ, ನೀಲಮ್ಮನದೇ. "ಹಾಲು ಉಕ್ಕ್‌ಲತದ ಮುತ್ಯಾ. ಉಕ್ಕಿ ಹೋಗ್ಲಿ. ನೀವು ನೋಡಬ್ಯಾಡ್ರಿ."

ಮುತ್ಯಾನ ಹೊಟ್ಟೆ ಒಂದು ಸಲ ಕುಲುಕಿತು.

"ನಗಬ್ಯಾಡ್ರಿ! ಪೂಜಾ ಮುಗಿದ ಮ್ಯಾಲ ನಗ್ರಿ."

ಕಣ್ಣು ತಿರುಗಿ ನಡುವಿಗೆ ಬಂತು. ನಿಂತಿತು. ಹೊರಗೆ ನೀಲಮ್ಮ ಇನ್ನೂ ಎರಡು ಸಲ ಕೂಗಿದಳು. ಸಿಸ್ಟರ್ ಹೋಗಿ ಸುಮ್ಮನಾಗಿಸುವ ತನಕ ಆ ಕಣ್ಣು ಬಾಗಿಲ ಕಡೆ ಹೋಗಲಿಲ್ಲ. ಹೊಸ ಲೆನ್ಸು ಒಳಗೆ ಕೂತಿತು. ಡಾಕ್ಟರು ದೀಪ ಆರಿಸಿದರು. ನನ್ನ ಬೆರಳುಗಳು ಮುತ್ಯಾನ ಕೈಯೊಳಗೆ ಜೋಮು ಹಿಡಿದಿದ್ದವು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಮಾರನೆಯ ಬೆಳಿಗ್ಗೆ ಕಣ್ಣಿನ ಮೇಲಿನ ಮುಚ್ಚಳ ತೆಗೆಯುವ ಹೊತ್ತಿಗೆ ನೀಲಮ್ಮನ ಕುರ್ಚಿಯನ್ನೂ ಒಳಗೆ ತಂದಿದ್ದೆವು. ಡಾಕ್ಟರು ತಮ್ಮ ಬೆರಳು ಎತ್ತಿ ಹಿಡಿದು, "ಲುಕ್ ಅಟ್ ಮೈ ಫಿಂಗರ್" ಎಂದರು. ನಾನು ಹೇಳುವಷ್ಟರಲ್ಲಿ ಮುತ್ಯಾ ಬೆರಳು ದಾಟಿ ಹೆಂಡತಿಯನ್ನು ನೋಡುತ್ತಿದ್ದರು. ನೋಡಿದರು, ಮತ್ತೆ ನೋಡಿದರು. ಎದ್ದು ಹತ್ತಿರ ಹೋಗಿ ಆಕೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ನೀಲಾ, ಇಷ್ಟ್ಯಾಕ ಸೊರಗೀದಿ?"

"ಸೊರಗಿಲ್ಲ ಬಿಡ್ರಿ."

"ಎಲುಬು ಕಾಣ್ಲಿಕತ್ತಾವಲ್ಲ! ದಿನಾ ನಾನೇ ಉಣಸ್ತೇನಿ. ಉಣ್ತಿದ್ದಿಲ್ಲೇನು?"

ನೀಲಮ್ಮ ಬೇರೆ ಕಡೆ ಮುಖ ಮಾಡಿದಳು. ಹಿಂದಿನ ದಿನ ಅಷ್ಟು ಒದರಿದ ಬಾಯಿ, ಈಗ ಪಿಸುಮಾತಿಗೆ ಇಳಿದಿತ್ತು. "ಬ್ಯಾಳ್ಯಾಗ ಹಳ್ಳು ಬರ್ತಿದ್ದವ್ರಿ. ಹಲ್ಲು ತಾಳ್ತಿದ್ದಿಲ್ಲ. ನೀವು ಕಾಣದ ಕಣ್ಣಲೇ ಮಾಡಿ ಹಾಕ್ತಿದ್ರಿ. ಹ್ಯಾಂಗ ಹೇಳ್ಲಿ?"

ಮುತ್ಯಾ ಡಾಕ್ಟರರ ಕಡೆ ತಿರುಗಿ, ಕೈ ಮುಗಿಯುವುದನ್ನೂ ಮರೆತು, "ಸಾಹೇಬ್ರ, ಇವತ್ತೇ ಮನಿಗಿ ಬಿಡ್ರಿ. ಬ್ಯಾಳಿ ಆರಸೋದದ" ಎಂದರು.

ಡಾಕ್ಟರು ನನ್ನನ್ನು ನೋಡಿದರು, ಏನಂತೆ ಎಂದು. ಬೇಳೆ ಆರಿಸುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ ನನಗೆ ಗೊತ್ತಿರಲಿಲ್ಲ. ಎಡ ಅಂಗೈಯನ್ನು ಮೊರ ಮಾಡಿ, ಬಲಗೈ ಬೆರಳಿನಿಂದ ಹಳ್ಳು, ಎಂದರೆ ಸಣ್ಣ ಕಲ್ಲು, ಹೆಕ್ಕಿ ಹೆಕ್ಕಿ ಆಚೆ ಎಸೆದು ತೋರಿಸಿದೆ. ಡಾಕ್ಟರು ನನ್ನ ಅಂಗೈ ನೋಡಿದರು, ನೀಲಮ್ಮನ ಮುಖ ನೋಡಿದರು. ಮನೆಗೆ ಬಿಡಲು ಹೇಳಿ, ಕನ್ನಡದಲ್ಲಿ "ಸಾಕು" ಎಂದರು.

ಕುರ್ಚಿಯನ್ನು ನಾನು ತಳ್ಳಲು ಹೋದೆ, ಮುತ್ಯಾ ಬಿಡಲಿಲ್ಲ. ತಾವೇ ಹಿಡಿದು, ಎದುರಿನ ಹೊಸ್ತಿಲು ನೋಡಿ, ಗಾಲಿ ಎತ್ತಿ ದಾಟಿಸಿದರು. ದಾಟುವಾಗ ನೀಲಮ್ಮ ಹೇಳುತ್ತಿದ್ದದ್ದು ನನ್ನ ತನಕ ಕೇಳಿಸಿತು.

"ಕಣ್ಣು ಬಂದದಂತ ಹುಮ್ಮಸ್ಸಿನಾಗ ಹಳ್ಳಿನ ಜೋಡಿ ಬ್ಯಾಳೀನೂ ಒಗದೀರಿ ಮತ್ತ."